ಯಂತ್ರ ತೋರಿಸಿದ ಮೇಷ್ಟ್ರು

“ಗುರುಗಳೇ, ಒಳ್ಳೆಯ ಕೆಲಸಕ್ಕೆ ಎಷ್ಟು ಕರೆದರೂ ಜನ ಯಾಕೆ ಬರುವುದಿಲ್ಲ?” ಎಂದು ಶಿಷ್ಯ ಕೇಳಿದ. ಮಠದಲ್ಲಿ ಅವನು ಮಕ್ಕಳಿಗೆ ಸಂಜೆಪಾಠ ಶುರುಮಾಡಿ ವರ್ಷವಾಗಿತ್ತು. ಜೊತೆಗೆ ಯಾರೂ ನಿಂತಿರಲಿಲ್ಲ. ಊರಿನವರ ಮೇಲೆ ಅವನಿಗೆ ಸಿಟ್ಟಿತ್ತು.

ಗುರುಗಳು ಹೇಳಿದರು:

ಒಂದು ಊರಿನ ಹೈಸ್ಕೂಲಿನಲ್ಲಿ ಒಬ್ಬ ವಿಜ್ಞಾನದ ಮೇಷ್ಟ್ರು ಇದ್ದ. ಬುದ್ಧಿವಂತ. ಮಕ್ಕಳ ತಂಡ ಕಟ್ಟಿಕೊಂಡು ರೋಬೋಟ್ ಮಾಡಿಸುತ್ತಿದ್ದ. ನೆಲದ ಮೇಲೆ ಎಳೆದ ಕಪ್ಪು ಗೆರೆಯನ್ನು ತಾನೇ ನೋಡಿಕೊಂಡು ಓಡುವ ಪುಟ್ಟ ಯಂತ್ರ ಅದು. ಜಿಲ್ಲೆಯ ಸ್ಪರ್ಧೆಗೆ ಅದನ್ನು ಒಯ್ಯಬೇಕಿತ್ತು. ತಂಡಕ್ಕೆ ಮುಂದಾಳು ಹತ್ತನೆಯ ತರಗತಿಯ ಒಬ್ಬ ಹುಡುಗಿ. ಮುಂದೆ ಓದಿಸುವುದಿಲ್ಲವೆಂದು ಮನೆಯಲ್ಲಿ ಅವಳಿಗೆ ಹೇಳಿಬಿಟ್ಟಿದ್ದರು. ಗೆದ್ದು ಬಂದರೆ ಅಪ್ಪನ ಮನಸ್ಸು ಬದಲಾದೀತು ಎಂಬ ಒಂದೇ ಆಸೆ ಅವಳಿಗೆ.

ಆ ಶಾಲೆಯಲ್ಲಿ ಒಂದು ಕಟ್ಟಳೆ. ಕೊನೆಯ ಗಂಟೆ ಹೊಡೆದ ಮೇಲೆ, ಮೇಷ್ಟ್ರೊಬ್ಬರು ಒಳಗೆ ಕೂತಿದ್ದರೆ ಮಾತ್ರ ಮಕ್ಕಳು ಕೋಣೆಯಲ್ಲಿ ಇರಬಹುದು. ಈ ಮೇಷ್ಟ್ರಿಗೆ ವಾರದಲ್ಲಿ ಮೂರು ದಿನ ಪಕ್ಕದೂರಿನ ಶಾಲೆಗೆ ನಿಯೋಜನೆ. ಅವನಿಲ್ಲದ ದಿನ ಕೋಣೆಗೆ ಬೀಗ. ಕೆಲಸ ಹಿಂದೆ ಬಿತ್ತು.

ಹಾಗಾಗಿ ತಂಡಕ್ಕೆ ನೆರವು ಬೇಕೆಂದು ಅವನು ಜೊತೆಯ ಮೇಷ್ಟ್ರುಗಳನ್ನು ಒಬ್ಬೊಬ್ಬರಾಗಿ ಕರೆದ. ಬಂದವರನ್ನು ಮೇಜಿನ ಮುಂದೆ ನಿಲ್ಲಿಸಿ ಯಂತ್ರ ಓಡಿಸಿದ. ಇದು ಕಣ್ಣು, ಇದು ಮಿದುಳು, ಇದಕ್ಕೆ ಅರ್ಥವಾಗುವ ಭಾಷೆಯೇ ಬೇರೆ ಎಂದು ಬಿಡಿಸಿ ಹೇಳಿದ. ಅವರು ಬೆರಗಾದರು. ಒಪ್ಪಿಕೊಂಡರೆ ಇದನ್ನೆಲ್ಲ ಕಲಿಸಬೇಕಾದೀತು ಎಂದು ಹೆದರಿದರು. “ನಮ್ಮ ತಲೆಗೆ ಹತ್ತೋದಲ್ಲ ಸಾರ್, ಇದಕ್ಕೆ ನೀವೇ ಸರಿ” ಎಂದು ಹೊರಟುಹೋದರು. ಪ್ರತಿಸಲವೂ ಅವನಿಗೆ ಬೇಸರವಾಯಿತು. ಸ್ವಲ್ಪ ಹಿತವೂ ಆಯಿತು. ಹಿತವಾದ ಮಾತನ್ನು ಯಾರು ತಿದ್ದುತ್ತಾರೆ? ಮುಂದಿನವರಿಗೆ ಇನ್ನೂ ವಿವರವಾಗಿ ಹೇಳಿದ. ದೊಡ್ಡವರನ್ನು ಕೇಳುವುದು ಸಾರ್ ಕೆಲಸವೆಂದು ಮಕ್ಕಳು ಬಾಯಿ ಬಿಡಲಿಲ್ಲ.

ಸ್ಪರ್ಧೆಯಲ್ಲಿ ಯಂತ್ರ ನೇರ ಗೆರೆಯ ಮೇಲೆ ಚೆನ್ನಾಗಿಯೇ ಓಡಿತು. ತಿರುವು ಬಂದಲ್ಲಿ ನಿಂತುಬಿಟ್ಟಿತು. ತಿರುವನ್ನು ಸರಿಮಾಡಲು ಮಕ್ಕಳಿಗೆ ಸಮಯ ಸಿಕ್ಕಿರಲಿಲ್ಲ. ಹುಡುಗಿ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಬಂದಳು.

ಬೇಸಿಗೆಯಲ್ಲಿ ಅವಳು ಟಿ.ಸಿ. ತೆಗೆದುಕೊಳ್ಳಲು ಶಾಲೆಗೆ ಹೋದಾಗ ಹೊಲಿಗೆ ಟೀಚರು ಸಿಕ್ಕರು. “ಸ್ಪರ್ಧೆಯಲ್ಲಿ ನಿಮ್ಮ ತಂಡಕ್ಕೆ ಏನಮ್ಮ ಕಡಿಮೆಯಾಯ್ತು?” ಎಂದು ಕೇಳಿದರು.

“ಏನಿಲ್ಲ ಟೀಚರ್. ಸಾರ್ ಇಲ್ಲದ ದಿನ ಯಾರಾದ್ರೂ ಬಂದು ಕೂತಿದ್ರೆ ಸಾಕಿತ್ತು.”

“ಬರೀ ಕೂರೋದಕ್ಕಾ? ಬಸ್ಸು ಬರೋವರೆಗೂ ನಾನು ದಿನಾ ಸ್ಟಾಫ್ ರೂಮಲ್ಲಿ ಸುಮ್ಮನೆ ಕೂತಿರ್ತಿದ್ನಲ್ಲೇ.”

ಹುಡುಗಿ ಟಿ.ಸಿ. ತೆಗೆದುಕೊಂಡು ಮನೆಗೆ ಹೋದಳು. ಅವಳು ಮುಂದೆ ಓದಲಿಲ್ಲ. ಯಂತ್ರ ಶಾಲೆಯ ಬೀರುವಿನಲ್ಲಿದೆ. ಜೊತೆಯವರಿಗೆ ಮನಸ್ಸೇ ಇರಲಿಲ್ಲವೆಂದು ಮೇಷ್ಟ್ರು ಇವತ್ತಿಗೂ ಬೈದುಕೊಳ್ಳುತ್ತಾನೆ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಎಲ್ಲರನ್ನೂ ಕರೆದನಲ್ಲ ಗುರುಗಳೇ, ಇನ್ನೇನು ಮಾಡಬೇಕಿತ್ತು?” ಎಂದ.

ಅದಕ್ಕೆ ಗುರುಗಳು ಹೇಳಿದರು: “ಅವನು ನೋಡಲು ಕರೆದ, ಅವರು ನೋಡಿಕೊಂಡು ಹೋದರು.”