ವಠಾರದ ಯಜಮಾನ ಚೆಲುವರಾಜ

ಮೈಸೂರಿನ ಹಳೆಯ ಬೀದಿಯೊಂದರಲ್ಲಿ ಒಂದು ವಠಾರ. ವಠಾರದಲ್ಲಿ ನಾಲ್ಕು ಮನೆ. ಮೊದಲನೆಯದರಲ್ಲಿ ಒಡತಿ ಗೌರಮ್ಮಣ್ಣಿ, ಉಳಿದವುಗಳಲ್ಲಿ ಬಾಡಿಗೆಯವರು. ಗೌರಮ್ಮಣ್ಣಿಗೆ ಒಬ್ಬನೇ ಮಗ, ಚೆಲುವರಾಜ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಸಾರಿನ ಉಪ್ಪು ನೋಡು ಎಂದರೆ ಉಪ್ಪಿನ ಮರಿಗೆಯನ್ನೇ ನೋಡುತ್ತ ಕೂರುವವನು. ಹೇಳಿದ ಮಾತನ್ನು ಎಂದೂ ಮೀರುತ್ತಿರಲಿಲ್ಲ. ತಾಯಿಯ ಸಂಕಟವೆಲ್ಲ ಅದೇ.

ಮಂಡಿನೋವು ಹೆಚ್ಚಾದಾಗ ಗೌರಮ್ಮಣ್ಣಿ ಕೀಲಿಯ ಗೊಂಚಲನ್ನು ಮಗನ ಕೈಗಿಟ್ಟಳು.

“ನೋಡು ಮಗು, ಇವತ್ತಿನಿಂದ ವಠಾರಕ್ಕೆ ನೀನೇ ಯಜಮಾನ. ಮಿಕ್ಕವರೆಲ್ಲ ಬಾಡಿಗೆಯವರು. ನಾನು ಹೇಗೆ ನಡೆಸಿದೆನೋ ಹಾಗೆ ನಡೆಸು. ಯಾರಾದರೂ ಮನೆ ಖಾಲಿ ಮಾಡಿದರೆ, ಅವರು ಗೇಟು ದಾಟುವಷ್ಟರಲ್ಲಿ ಬಾಗಿಲಿಗೆ ಟು-ಲೆಟ್ ಬೋರ್ಡು ಬಿದ್ದಿರಬೇಕು. ನಮ್ಮ ಮನೆತನ ಯಾರ ಬಾಯಿಗೂ ಬೀಳಬಾರದು. ತಿಳಿಯಿತೇ?”

“ತಿಳಿಯಿತಮ್ಮಾ!”

ಗೌರಮ್ಮಣ್ಣಿ ನಡೆಸಿದ್ದು ಹೇಗೆ? ಯಾರ ಮನೆಗಾದರೂ ನೆಟ್ಟಗೆ ನುಗ್ಗುವುದು, ಅಡಿಗೆಮನೆಗೆ ಹೋಗುವುದು, ಪಾತ್ರೆಯ ಮುಚ್ಚಳ ಎತ್ತುವುದು, “ಹುಳಿಗೆ ಇಷ್ಟೊಂದು ಎಣ್ಣೆಯೇ?” ಎಂದು ಗದರುವುದು. ತನ್ನ ಗೋಡೆ, ತನ್ನ ಹೊಸಿಲು, ಕೇಳುವುದೇನು?

ಚೆಲುವರಾಜನೂ ಹಾಗೇ ಮಾಡಿದ. ದರ್ಜಿ ಪುಂಡಲೀಕರಾಯನ ಮನೆಯಲ್ಲಿ ಮಗಳ ಮದುವೆಯಾದ ಹೊಸದು, ಬೀಗರು ಊಟಕ್ಕೆ ಕೂತಿದ್ದರು. ಇವನು ನುಗ್ಗಿದ, ಮುಚ್ಚಳ ಎತ್ತಿದ, ತಾಯಿಯ ದನಿಯಲ್ಲೇ ಗದರಿದ. “ಹುಳಿಗೆ ಇಷ್ಟೊಂದು ಎಣ್ಣೆಯೇ?” ಬೀಗರು ಎಲೆ ಬಿಟ್ಟು ಎದ್ದರು!

ಪುಂಡಲೀಕರಾಯ ಜಗಲಿಗೆ ಬಂದು ನಿಂತ.

“ಅಮ್ಮಾವ್ರೇ, ಇಷ್ಟು ವರ್ಷ ನೀವು ಬಂದ್ರಿ, ಸಹಿಸ್ಕೊಂಡ್ವಿ. ಈಗ ಹೊಸ ಕಾನೂನು ಬಂದಿದೆ. ಓನರ್ ಆದ್ರೂ ಮುಂಚೆ ತಿಳಿಸ್ದೆ ಒಳಗೆ ಬರೋ ಹಾಗಿಲ್ಲ. ಇನ್ನೊಂದ್ಸಲ ಹೀಗಾದ್ರೆ ಕಚೇರಿಗೆ ದೂರು ಕೊಡ್ತೀನಿ, ಅಷ್ಟೇ!”

ಕಚೇರಿ! ಗೋಡೆ ಬದಿಯ ಬೆಂಚಿನಲ್ಲಿ ಕೂತು, ಜವಾನನಿಂದ ಹೆಸರು ಕೂಗಿಸಿಕೊಳ್ಳುವುದು! ಗೌರಮ್ಮಣ್ಣಿಯ ಕಿವಿ ಬಿಸಿಯಾಯಿತು. “ಇಷ್ಟು ವರ್ಷ ಸಹಿಸ್ಕೊಂಡ್ವಿ” ಎಂದನಲ್ಲ, ಆ ಮಾತು ಇನ್ನೂ ಒಳಗೆ ಚುಚ್ಚಿತು.

“ಅಯ್ಯೋ ಪೆದ್ದೇ! ಯಾರ ಬಾಗಿಲಾದರೂ ಸರಿ, ಮೊದಲು ನೋಟೀಸು ಅಂಟಿಸಬೇಕು. ಒಂದು ದಿನ ಕಾಯಬೇಕು. ಆಮೇಲೆ ಒಳಗೆ ಹೋಗಬೇಕು!”

“ಹಾಗೇ ಆಗಲಿ ಅಮ್ಮಾ!”

ಕಂಡಕ್ಟರ್ ಬೋರಲಿಂಗಯ್ಯ ಡ್ಯೂಟಿಗೆ ಹೋಗಿದ್ದ, ಹೆಂಡತಿ ತವರಿಗೆ ಹೋಗಿದ್ದಳು. ಅವರ ಅಡಿಗೆಮನೆಯ ನಲ್ಲಿ ಮುರಿಯಿತು. ಬಾಗಿಲ ಸಂದಿಯಿಂದ ನೀರು ಹರಿದು ಬಂತು.

“ಚೆಲುವಣ್ಣಾ, ನಿನ್ನ ಗೊಂಚಲಲ್ಲಿ ಕೀಲಿ ಇದೆಯಲ್ಲಾ, ಬೇಗ ತೆಗಿ!” ಎಂದು ಪಕ್ಕದ ಮನೆಯ ನರ್ಸ್ ಫಿಲೋಮಿನಾ ಕೂಗಿದಳು.

ಚೆಲುವರಾಜ ಓಡಿದ. ಕಾಗದ ತಂದ, ಮೈದಾ ಅಂಟು ಕಲಸಿ ತಂದ, ನೋಟೀಸು ಅಂಟಿಸಿದ: “ನಿಮ್ಮ ನಲ್ಲಿ ನಿಲ್ಲಿಸಲು ನಾಳೆ ಬರುತ್ತೇನೆ.” ಆಮೇಲೆ ಕಾಲು ನೆನೆಯದಂತೆ ಕಟ್ಟೆಯ ಮೇಲೆ ಮಡಿಚಿಕೊಂಡು ಕೂತ. ಸಂಜೆ ಬೋರಲಿಂಗಯ್ಯ ಬಂದು ನೋಡುತ್ತಾನೆ, ಹಾಸಿಗೆ ತೇಲುತ್ತಿದೆ!

“ಅಮ್ಮಾವ್ರೇ, ಮೂಟೆ ಅಕ್ಕಿ ಗಂಜಿಯಾಗೋಯ್ತು! ನಿಮ್ಮ ಮಗ ಕಟ್ಟೆ ಮೇಲೆ ಕೂತು ಕಾವಲು ಕಾಯ್ತಿದ್ದಾನೆ!”

ಗೌರಮ್ಮಣ್ಣಿ ತಲೆ ಎತ್ತಲಿಲ್ಲ. ತನ್ನ ಮನೆಯ ಅಕ್ಕಿಯ ಮೂಟೆಯನ್ನೇ ಎತ್ತಿಸಿ ಕಳುಹಿಸಿದಳು.

“ಅಯ್ಯೋ ಪೆದ್ದೇ! ನೀರು ಹರಿಯುವ ಸದ್ದು ಕೇಳಿದರೆ ನೋಟೀಸೂ ಬೇಡ, ಗೀಟೀಸೂ ಬೇಡ. ಓಡಿಹೋಗಿ ವಾಲ್ವು ತಿರುಗಿಸಿ ನೀರು ನಿಲ್ಲಿಸಬೇಕು!”

“ಹಾಗೇ ಆಗಲಿ ಅಮ್ಮಾ!”

ದೀಪಾವಳಿ ಬಂತು. ಪುಂಡಲೀಕರಾಯನ ಮನೆಗೆ ಹೊಸ ಅಳಿಯ ಬಂದ. ಮುನಿಸಿಕೊಂಡ ಬೀಗರನ್ನು ಒಲಿಸಿ ಮಾವ ಕರೆಸಿಕೊಂಡ ಅಳಿಯ! ಅವನ ತಲೆಗೆ ಎಣ್ಣೆ ಒತ್ತಿ, ಸೀಗೆಪುಡಿ ಹಚ್ಚಿ, ನಲ್ಲಿ ತಿರುಗಿಸಿದರು. ಬಚ್ಚಲ ನೀರು ಜುಳುಜುಳು ಹರಿಯಿತು. ಚೆಲುವರಾಜ ಸದ್ದು ಕೇಳಿದ, ಓಡಿದ, ವಾಲ್ವು ತಿರುಗಿಸಿದ!

ಅಳಿಯ ಒದ್ದೆ ಪಂಚೆಯಲ್ಲಿ, ಕಣ್ಣ ತುಂಬ ಸೀಗೆಪುಡಿ ತುಂಬಿಕೊಂಡು, “ನೀರು! ನೀರು!” ಎಂದು ಅಂಗಳಕ್ಕೆ ಬಂದುಬಿಟ್ಟ.

“ಬಾಡಿಗೆಯವ್ರ ನೀರು ನಿಲ್ಲಿಸೋದಾ? ಹಬ್ಬ ಮುಗೀಲಿ, ನೇರ ಕಚೇರಿಗೇ!” ಎಂದ ಪುಂಡಲೀಕರಾಯ.

ಗೌರಮ್ಮಣ್ಣಿ ಕುಂಟುತ್ತ ಅಂಗಳಕ್ಕೆ ಬಂದಳು. ಎಲ್ಲರೆದುರು ಕೈ ಜೋಡಿಸಿದಳು. ಪುಂಡಲೀಕರಾಯನೇ ಮುಖ ತಿರುಗಿಸಿಕೊಂಡ. “ಕೈ ಇಳಿಸಿ ಅಮ್ಮಾವ್ರೇ. ಇದೊಂದ್ಸಲ ಬಿಟ್ಟೆ.”

ಮನೆಗೆ ಬಂದವಳೇ ಮಗನ ಕಿವಿ ಹಿಂಡಿದಳು.

“ಅಯ್ಯೋ ಪೆದ್ದೇ! ಇನ್ನು ನೀನಾಗಿ ಏನೂ ಮಾಡಬೇಡ! ನೋಟೀಸು ಅಂಟಿಸು, ಒಂದು ದಿನ ಕಾಯಿ. ಒಳಗಿನವರು ಎಷ್ಟೇ ಕೂಗಲಿ, ಎಷ್ಟೇ ಬೇಡಲಿ, ಕದಲಬೇಡ!”

“ಹಾಗೇ ಆಗಲಿ ಅಮ್ಮಾ!”

ಮರುದಿನ ಬೆಳಗ್ಗೆ ಗೌರಮ್ಮಣ್ಣಿ ನಡುಮನೆಯಲ್ಲಿ ಜಾರಿ ಬಿದ್ದಳು. ಕಾಲು ಉಳುಕಿತ್ತು. ಬಾಗಿಲು ಮುಂದೆ ಮಾಡಿತ್ತು, ಚೆಲುವರಾಜ ಹೊರಗೆ ಜಗಲಿಯಲ್ಲಿದ್ದ.

“ಮಗೂ, ಬಿದ್ದುಬಿಟ್ಟೆ ಕಣೋ! ಬಾರೋ!”

ಬಾಗಿಲ ಮೇಲೆ ಅಂಟು ಸವರುವ ಸದ್ದು.

“ಏನೋ ಮಾಡ್ತಿದ್ದೀಯಾ?”

“ನೋಟೀಸ್ ಅಂಟಿಸ್ತಿದ್ದೀನಮ್ಮಾ. ನಾಳೆ ಬರ್ತೀನಿ.”

“ನಾನು ನಿನ್ನ ಹೆತ್ತವಳು ಕಣೋ!”

“ಹೌದಮ್ಮಾ. ಆದ್ರೆ ಯಜಮಾನ ನಾನು, ಮಿಕ್ಕವರೆಲ್ಲ ಬಾಡಿಗೆಯವರು. ನೀವೇ ಹೇಳಿದ್ರಿ. ಎಷ್ಟೇ ಬೇಡಿದ್ರೂ ಕದಲಬೇಡ ಅಂತಾನೂ ನೀವೇ ಹೇಳಿದ್ರಿ.”

ಗೌರಮ್ಮಣ್ಣಿ ಬಾಯಿ ಮುಚ್ಚಿಕೊಂಡಳು. ವಠಾರದವರ ಕಣ್ಣಿಗೆ ಹೀಗೆ ಬೀಳುವುದಕ್ಕಿಂತ ನೆಲದ ಮೇಲೆ ಬಿದ್ದಿರುವುದೇ ಮೇಲು. ಆದರೆ ನೋವಿಗೆ ಮಾನದ ಪರಿವೆ ಇಲ್ಲ. ಕೊನೆಗೆ ಕೂಗಿಯೇ ಕೂಗಿದಳು.

ಎಲ್ಲರೂ ಓಡಿ ಬಂದರು. ನೋಟೀಸು ಓದಿದರು. ಯಾರೋ ಕಿಸಕ್ಕೆಂದು ನಕ್ಕು ಬಾಯಿಗೆ ಸೆರಗು ತುರುಕಿಕೊಂಡರು. ಪುಂಡಲೀಕರಾಯ ಹೊಸಿಲಾಚೆಯೇ ನಿಂತ.

“ಅಮ್ಮಾವ್ರೇ, ಒಳಗೆ ಬರಬಹುದಾ?”

ಈ ಮಾತನ್ನು ಅವಳು ಯಾರ ಬಾಗಿಲಲ್ಲೂ ಎಂದೂ ಕೇಳಿರಲಿಲ್ಲ. ಬಿದ್ದ ನೋವಿಗೆ ಬಾರದ ಅಳು ಈಗ ಬಂತು. “ಬನ್ನಿ” ಎಂದಳು, ಅವಳಿಗೇ ಕೇಳಿಸದಷ್ಟು ಮೆಲ್ಲಗೆ.

ಚೆಲುವರಾಜ ಎರಡೂ ಕೈ ಚಾಚಿ ಅಡ್ಡ ನಿಂತ. “ನೋಟೀಸ್ ಎಲ್ಲಿ?”

ಟಿಕೆಟ್ಟಿಲ್ಲದವನನ್ನು ಇಳಿಸುವಂತೆ ಬೋರಲಿಂಗಯ್ಯ ಅವನನ್ನು ಪಕ್ಕಕ್ಕೆ ಇಳಿಸಿದ. ಫಿಲೋಮಿನಾ ಕಾಲಿಗೆ ಕಟ್ಟು ಕಟ್ಟಿದಳು. ಗೌರಮ್ಮಣ್ಣಿಯನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಅವರೇ ಹೊತ್ತು, ಗೇಟಿನಾಚೆ ಆಟೋ ಹತ್ತಿಸಿದರು. ಅವಳು ಮುಖದ ತುಂಬ ಸೆರಗೆಳೆದುಕೊಂಡಳು.

ಹಿಂದಿನಿಂದ ಟಕ್ ಟಕ್ ಎಂದು ಮೊಳೆ ಹೊಡೆಯುವ ಸದ್ದು. ಸೆರಗು ಸರಿಸಿ ನೋಡುತ್ತಾಳೆ, ತನ್ನ ಮನೆಯ ಬಾಗಿಲಿಗೆ ಟು-ಲೆಟ್ ಬೋರ್ಡು! ಬೀದಿಯಲ್ಲಿ ಹೋಗುತ್ತಿದ್ದ ಗಂಡಹೆಂಡಿರು ಆಗಲೇ ನಿಂತು ವಿಚಾರಿಸುತ್ತಿದ್ದಾರೆ.

ಚೆಲುವರಾಜ ಆಟೋ ಬಳಿ ಓಡಿ ಬಂದ. ಈ ಸಲ ತಾಯಿಯನ್ನು ಕೇಳದೆ ಏನೂ ಮಾಡಬಾರದೆಂದು ನಿಶ್ಚಯಿಸಿದ್ದ.

“ಅಮ್ಮಾ, ಇವರಿಗೆ ಮನೆ ಈಗಲೇ ತೋರಿಸಲಾ, ನೋಟೀಸ್ ಅಂಟಿಸಿ ನಾಳೆ ತೋರಿಸಲಾ?”