ಹನ್ನೊಂದು ಗೇಣಿನ ಕರಿಹಲಗೆ

ಶಾಲೆಯ ತಪಾಸಣೆಗೆ ಬಂದ ಶಿಕ್ಷಣಾಧಿಕಾರಿ ಸಾಹೇಬರು ಎರಡನೇ ತರಗತಿಯ ಬಾಗಿಲಲ್ಲೇ ಗುಡುಗಿದರು. ಒಳಗೆ ಮಕ್ಕಳು ಅಳತೆಯ ಪಾಠಕ್ಕೆಂದು ಕರಿಹಲಗೆಗೆ ಗೇಣು ಹಾಕುತ್ತಿದ್ದರು.

"ಏನ್ರೀ ನೀಲವ್ವ ಟೀಚರ್, ಒಬ್ಬ ಹದಿನೈದು ಗೇಣು ಅಂತಾನ, ಇನ್ನೊಬ್ಬಾಕಿ ಹದಿನೆಂಟು ಅಂತಾಳ. ಯಾವುದು ಖರೇ?"

"ತಾವೇ ಅಳೀರಿ ಸರ್."

ಸಾಹೇಬರು ಅಳೆದರು. ಹನ್ನೊಂದೇ ಗೇಣು ಬಂತು. ಮಕ್ಕಳು ಕಿಸಕ್ಕನೆ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು.

"ಕೈಗೊಂದು ಲೆಕ್ಕ ಬಂದ್ರ ಅದು ಅಳತೀನಾ? ಎಲ್ಲಾರಿಗೂ ಒಂದೇ ಸ್ಕೇಲ್ ಬೇಕು! ನಿಮ್ಮ ಇನ್‌ಕ್ರಿಮೆಂಟ್ ನಿಲ್ಲಸ್ತೀನಿ!"

ನೀಲವ್ವ ಮಕ್ಕಳ ಕಡೆ ತಿರುಗಿದಳು.

"ಇವತ್ತಿನ ಪಾಠದ ಉತ್ತರ ಸಾಹೇಬ್ರೇ ಹೇಳಿದ್ರು. ಚಪ್ಪಾಳೆ ತಟ್ರಿ!"

ಚಪ್ಪಾಳೆ ನಿಲ್ಲುವ ಮೊದಲೇ, ಎರಡು ವರ್ಷದಿಂದ ಸಾಹೇಬರ ಕಚೇರಿಯಲ್ಲಿ ಕೊಳೆಯುತ್ತಿದ್ದ, ಮಕ್ಕಳಿಗೆ ಅಳೆಯುವ ಸ್ಕೇಲ್ ಕೇಳಿದ್ದ ಅರ್ಜಿಯ ಪ್ರತಿಯನ್ನು ಅವರ ಮುಂದೆ ಹಿಡಿದಳು.

ಸಾಹೇಬರು ಇನ್‌ಕ್ರಿಮೆಂಟಿನ ಮಾತು ಬಿಟ್ಟು ಅದಕ್ಕೆ ಸಹಿ ಹಾಕಿದರು.