ಬೀಗರ ಜಾಗಟೆಯ ಶ್ರುತಿ

“ಕೇಳಿರಪ್ಪೋ ಕೇಳಿ! ಬೀಗರು ಕಳಿಸಿರುವ ಮೂರು ಒಗಟುಗಳನ್ನು ಒಡೆದವರಿಗೆ ಹೊಳೆಯಾಚೆಯ ಊರು ಉಂಬಳಿ. ಒಡೆಯಲು ಬಂದು ತಪ್ಪಿದವರಿಗೆ ತಲೆದಂಡ. ಅಮಾವಾಸ್ಯೆಯೊಳಗೆ ಯಾರೂ ಒಡೆಯದಿದ್ದರೆ ಓಲಗದ ಪಾಪಯ್ಯನ ತಲೆಯೂ ಉಳಿಯದು. ಕೆಂಗಲ್ಲುಕೋಟೆಯ ದೊರೆ ಚಿತ್ರವೀರರ ಅಪ್ಪಣೆ!”

ಡಂಗುರದವನು ಬೀದಿಯ ತಿರುವು ದಾಟುವವರೆಗೂ ಓಬಳ ಹೊಸ್ತಿಲಲ್ಲಿ ಹಲ್ಲು ಕಚ್ಚಿ ನಿಂತಿದ್ದ. ಪಾಪಯ್ಯ ಅವನ ಅಣ್ಣ. ಅಣ್ಣ ನಾಗಸ್ವರ ನುಡಿಸುವಾಗ ಪಕ್ಕದಲ್ಲಿ ಕುಳಿತು, ಒಂದೇ ಸ್ವರವನ್ನು ಎಡೆಬಿಡದೆ ಊದಿ ಶ್ರುತಿ ಹಿಡಿಯುವುದು ಓಬಳನ ಕೆಲಸ. ಅದಕ್ಕಿಂತ ಹೆಚ್ಚಿನದನ್ನು ಅವನಿಂದ ಯಾರೂ ಕೇಳಿದ್ದಿಲ್ಲ.

ಆಗಿದ್ದು ಇಷ್ಟೇ. ರಾಜಕುಮಾರಿಯ ವೀಳ್ಯಶಾಸ್ತ್ರದ ದಿನ ಎರಡೂ ಕಡೆಯ ಓಲಗಗಳು ಕೂಡಿ ನುಡಿಯಬೇಕಿತ್ತು. ಗಂಡಿನ ಕಡೆಯವರ ವಾದ್ಯಗಳು ಅವರ ಅರಮನೆಯ ಕಂಚಿನ ಜಾಗಟೆಗೆ ಹೊಂದಿಕೊಂಡಿದ್ದವು. ಆ ನಾದ ಕೆಂಗಲ್ಲುಕೋಟೆಯ ಶ್ರುತಿಗಿಂತ ತುಸು ಏರು. ಎರಡೂ ಸೇರಿದಾಗ ಚಪ್ಪರದಲ್ಲಿ ಬೆಕ್ಕುಗಳು ಕಾದಾಡಿದಂತಾಯಿತು. ಬೀಗರು ನಕ್ಕರು. ಆ ಸದ್ದಿಗೆ ಕಲ್ಲುಕಂಬಗಳು ಬಿರಿದವೆಂದು ಹೇಳುವವರಿದ್ದಾರೆ. ಕಂಬಗಳಿಗೆ ಏನೂ ಆಗಿರಲಾರದು. ಕೆಟ್ಟದ್ದು ದೊರೆಯ ಮುಖ ಮಾತ್ರ. ಅವನು ಪಾಪಯ್ಯನನ್ನು ಅಲ್ಲಿಂದಲೇ ಸೆರೆಮನೆಗೆ ತಳ್ಳಿಸಿದ.

ಮದುವೆಯಲ್ಲಿ ಬೀಗರು ಬೀಗರನ್ನು ಕೆಣಕುವ ಪದ್ಧತಿಯಂತೆ ಗಂಡಿನ ಕಡೆಯವರು ಆ ಜಾಗಟೆಯ ಜೊತೆಗೆ ಮೂರು ಒಗಟುಗಳನ್ನು ಕಳಿಸಿದರು. ಸೋತವರ ಮೇಲೆ ಅರಿಶಿನದ ನೀರು ಎರಚಿ ನಗುವುದಷ್ಟೇ ವಾಡಿಕೆ. ತಲೆದಂಡವನ್ನು ಸೇರಿಸಿದ್ದು ದೊರೆ.

ಅರಮನೆಯ ಸಭೆಗೆ ಮೊದಲು ಬಂದವನು ಕುದುರೆಪಡೆಯ ಭರಮಣ್ಣ. ಒಗಟು ಹೇಳಲು ಬಂದಿದ್ದ ಬೀಗರ ಹಿರಿಯ ಈರಗೊಂಡ ಕೇಳಿದ: “ಅದು ಬೆಳೆಯದು, ಕುಗ್ಗದು. ಯಜಮಾನನ ಉಸಿರು ಕುಡಿಯುವ ಮುನ್ನ ತಗ್ಗಿನಲ್ಲಿರುತ್ತದೆ, ಕುಡಿದ ಮೇಲೆ ಮೇಲೇರುತ್ತದೆ. ಯಾವುದು?”

“ಒಲೆಯ ಬೆಂಕಿ,” ಎಂದ ಭರಮಣ್ಣ.

“ಬೆಂಕಿ ಬೆಳೆಯುತ್ತದಲ್ಲಪ್ಪಾ,” ಎಂದ ಈರಗೊಂಡ. ಅವನಿನ್ನೂ ನಗುತ್ತಲೇ ಇದ್ದ. ಭಟರು ಭರಮಣ್ಣನನ್ನು ಎಳೆದೊಯ್ದಾಗ ಅವನ ನಗು ನಿಂತಿತು. “ಪ್ರಭುಗಳೇ, ಇದು ಮದುವೆಮನೆಯ ತಮಾಷೆ!” ಎಂದು ಕೂಗಿದ. ದೊರೆ ಕೇಳಿಸಿಕೊಳ್ಳಲಿಲ್ಲ.

ಎರಡನೆಯವನು ಹಾಡುಗಾರ ನಂಜಯ್ಯ. “ಅದು ನಾಗಸ್ವರ,” ಎಂದು ಮೊದಲನೆಯದನ್ನು ಒಡೆದ. ಸಭೆ ಉಸಿರು ಬಿಟ್ಟಿತು. ಈರಗೊಂಡ ಎರಡನೆಯದನ್ನು ಮುಂದಿಟ್ಟ: “ಒಂದು ಬಾಗಿಲು, ಸಾಲು ಕಿಟಕಿಗಳ ಮನೆ. ಮನೆಯ ಕಾಲು ಕತ್ತರಿಸಿದರೆ ಕೊನೆಯಲ್ಲಿರುವವನೊಬ್ಬನೇ ದನಿ ಏರಿಸುತ್ತಾನೆ. ಬಾಗಿಲನ್ನು ಮೊಟಕು ಮಾಡಿದರೆ ಎಲ್ಲರೂ ಏರಿಸುತ್ತಾರೆ, ಬಾಗಿಲ ಬಳಿಯವನು ಎಲ್ಲರಿಗಿಂತ ಹೆಚ್ಚು. ಯಾವ ಮನೆ?”

ನಂಜಯ್ಯನ ತುಟಿ ಅಲುಗಿತು. ಒಂದೇ ಉತ್ತರ ಎರಡು ಸಲ ಬರಲಾರದೆಂದು ಅವನು ತನಗೆ ತಾನೇ ಹೇಳಿಕೊಂಡಿರಬೇಕು. “ಮನುಷ್ಯನ ದೇಹ,” ಎಂದ. ಅದು ತಪ್ಪಾಗಿತ್ತು; ಭಟರು ಅವನನ್ನೂ ಎಳೆದೊಯ್ದರು.

ಜನರ ನಡುವೆ ನಿಂತಿದ್ದ ಓಬಳ ಪಕ್ಕದವರನ್ನು ತಳ್ಳಿಕೊಂಡು ಮುಂದೆ ಬಂದ.

ಬಾಗಿಲ ಭಟ ಈಟಿ ಅಡ್ಡ ಹಿಡಿದ. “ಒಂದೇ ಸ್ವರದವನೇ, ಮೂರು ಒಗಟು ನಿನಗೆ ಜೀರ್ಣವಾದೀತೇನೋ?”

“ಇಬ್ಬರ ತಲೆ ನಿಮಗೆ ಜೀರ್ಣವಾಗಿದೆಯಲ್ಲ, ಬಿಡಣ್ಣ.”

ಈಟಿಯನ್ನು ಸರಿಸಿ ಒಳನಡೆದು ಓಬಳ ದೊರೆಗೆ ಕೈಮುಗಿದ, ತಲೆ ಬಾಗಿಸಲಿಲ್ಲ. “ಮೊದಲನೆಯದನ್ನು ನಂಜಯ್ಯನವರು ಒಡೆದಿದ್ದಾರೆ. ತಣ್ಣಗಿರುವ ನಾಗಸ್ವರದ ಶ್ರುತಿ ತಗ್ಗು. ಉಸಿರಿನಿಂದ ಒಳಗೆ ಬೆಚ್ಚಗಾದಂತೆ ಏರುತ್ತದೆ. ಎರಡನೆಯದೂ ನಾಗಸ್ವರವೇ. ಕೊಳವೆಯ ಬುಡ ಕತ್ತರಿಸಿದರೆ ಕೆಳಗಿನ ಸ್ವರ ಮಾತ್ರ ಏರುತ್ತದೆ. ಬಾಯಿಗಿಡುವ ಪೀಪಿಯನ್ನು ಮೊಟಕು ಮಾಡಿದರೆ ಎಲ್ಲವೂ ಏರುತ್ತವೆ, ಆದರೆ ಸಮನಾಗಿ ಅಲ್ಲ. ಪೀಪಿಗೆ ಹತ್ತಿರದ ರಂಧ್ರಗಳು ಮಿತಿಮೀರುತ್ತವೆ. ಅವುಗಳ ಅಂಚಿಗೆ ಮೇಣ ಹಚ್ಚಿ, ಊದಿ, ಕೇಳಿ, ಮತ್ತೆ ಹಚ್ಚಿ ಇಳಿಸಬೇಕು. ಬೀಗರ ಶ್ರುತಿಗೆ ಬರುವ ದಾರಿ ಅದೇ. ಅಣ್ಣನನ್ನು ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ.”

“ಮೂರನೆಯದು!” ಎಂದು ದೊರೆ ಗುಡುಗಿದ.

ಈರಗೊಂಡನ ದನಿ ತಗ್ಗಿತ್ತು. “ಒಬ್ಬನೇ ಇದ್ದಾಗ ತಪ್ಪುವುದಿಲ್ಲ. ಇಬ್ಬರಾದಾಗ ತಪ್ಪುತ್ತದೆ. ತಪ್ಪಿದವರು ಯಾರೆಂದು ಇಬ್ಬರೂ ಹೇಳಲಾರರು. ಏನದು ಮಗಾ?”

ಬಾಲ್ಯದಿಂದಲೂ ಓಬಳ ಹಿಡಿದು ಕುಳಿತದ್ದು ಅದನ್ನೇ.

“ಶ್ರುತಿ,” ಎಂದ. “ನಮ್ಮದು ನಮ್ಮಲ್ಲಿ ಸರಿಯಿತ್ತು, ಅವರದು ಅವರಲ್ಲಿ. ಕೂಡಿದಾಗ ಕೆಟ್ಟಿತು. ಜಾಗಟೆ ಕಂಚಿನದಾದ ಮಾತ್ರಕ್ಕೆ ಅದರ ನಾದವೇ ಸತ್ಯವಲ್ಲ. ಯಾರೋ ಎರಕ ಹೊಯ್ದರು, ಉಳಿದವರು ಒಪ್ಪಿಕೊಂಡರು. ಕೂಡಿ ನುಡಿಸಬೇಕೆಂದಿದ್ದರೆ ನಾವೂ ಒಪ್ಪಿಕೊಳ್ಳುತ್ತಿದ್ದೆವು.”

“ಸರಿಯುತ್ತರ,” ಎಂದ ಈರಗೊಂಡ. ಅವನ ಕಣ್ಣು ಒದ್ದೆಯಾಗಿತ್ತು.

ದೊರೆ ಸಿಂಹಾಸನದಿಂದ ಎದ್ದ. “ಹಾಗಾದರೆ ತಪ್ಪು ನನ್ನದು ಎನ್ನುತ್ತೀಯಾ?”

“ಶ್ರುತಿಯಲ್ಲಿ ತಪ್ಪು ಯಾರದೂ ಅಲ್ಲ, ಮಹಾಸ್ವಾಮಿ. ಕೊಂದದ್ದರಲ್ಲಿ ತಪ್ಪು ಯಾರದೆಂಬುದು ಒಗಟೇ ಅಲ್ಲ.”

ಭಟರ ಕೈ ಕತ್ತಿಗೆ ಹೋಯಿತು. ಆದರೆ ಮಾತು ಕೊಟ್ಟದ್ದು ಬೀಗರ ಎದುರಿಗೆ. ಅದನ್ನು ಮುರಿದರೆ ಮದುವೆಯೇ ಮುರಿಯುತ್ತಿತ್ತು. ದೊರೆ ಮೆಲ್ಲನೆ ಕುಳಿತ. “ಹೊಳೆಯಾಚೆಯ ಊರು ನಿನ್ನದು. ನಿನ್ನ ಅಣ್ಣನನ್ನು ಬಿಡಿಸಿದ್ದೇನೆ.”

“ಅಣ್ಣ ಸಾಕು. ಊರನ್ನು ಭರಮಣ್ಣನವರ ಮನೆಗೂ ನಂಜಯ್ಯನವರ ಮನೆಗೂ ಸಮನಾಗಿ ಬರೆಸಿಕೊಡಿ.”

ದೊರೆ ಒಪ್ಪಿದ. ಪಾಪಯ್ಯ ಹೊರಬಂದು ಪೀಪಿ ಕತ್ತರಿಸಿದ, ಮೇಣ ಕಾಯಿಸಿದ. ಮದುವೆಯ ಬೆಳಗ್ಗೆ ಎರಡು ಓಲಗಗಳು ಒಂದೇ ಕೊರಳಿನಂತೆ ನುಡಿದವು. ಹಿಗ್ಗಿದ ದೊರೆ ತನ್ನ ಕೈಯ ಚಿನ್ನದ ಕಡಗವನ್ನು ಕಳಚಿ ಓಬಳನ ಮುಂದೆ ಹಿಡಿದ.

“ಇದನ್ನು ತೊಟ್ಟುಕೊ. ಇನ್ನಾದರೂ ನಿನ್ನ ಕೋಪವನ್ನು ಇಲ್ಲಿ ಬಿಟ್ಟುಹೋಗು.”

ಓಬಳ ಊದುತ್ತಿದ್ದುದನ್ನು ನಿಲ್ಲಿಸಿದ. ಆಸರೆಯಿಲ್ಲದೆ ಅಣ್ಣನ ರಾಗ ಒಂದು ಕ್ಷಣ ತೂಗಾಡಿತು.

“ಕಡಗ ತಮ್ಮದು, ಮಹಾಸ್ವಾಮಿ. ಕೋಪ ನನ್ನದು. ಅದು ನನ್ನ ಬಳಿಯೇ ಇರಲಿ,” ಎಂದು ಹೇಳಿ ಮತ್ತೆ ಶ್ರುತಿ ಹಿಡಿದ.